ಹನುಮಕ್ಕನ ಎಡದವಡೆ

ಎಲ್ಲಕ್ಕೂ ಕಾರಣ ಒಂದು ಕೋಡುಬಳೆ.

ವೈಯಾಲಿಕಾವಲ್‌ನ ಚಕ್ರಪಾಣಿಯವರು ಆ ದಿನ ಬೆಳಿಗ್ಗೆ ಏಳು ಗಂಟೆಗೆ ಕಾಫಿ ಕುಡಿಯುತ್ತ ಕೂತಿದ್ದವರು, ಹೆಂಡತಿ ಚೂಡಾಮಣಿ ಹಾಲಿನವನ ಹತ್ತಿರ ಮಾತಾಡುತ್ತಿದ್ದ ಸಮಯ ನೋಡಿ ಡಬ್ಬಿಗೆ ಕೈಹಾಕಿದರು. ಕದ್ದು ತಿನ್ನುವಾಗ ಯಾರೂ ನಿಧಾನವಾಗಿ ಅಗಿಯುವುದಿಲ್ಲ. ಕಟಕ್ಕೆಂದು ಕಡಿದರು. ಕೋಡುಬಳೆ ಹಾಗೇ ಉಳಿಯಿತು. ಬಲಗಡೆಯ ದವಡೆ ಹಲ್ಲು ಅರ್ಧಕ್ಕರ್ಧ, ಅದರೊಳಗಿನ ಇಪ್ಪತ್ತು ವರ್ಷದ ಫಿಲ್ಲಿಂಗ್ ಸಮೇತ, ಅಂಗೈಗೆ ಬಂತು.

ಇನ್ನೊಬ್ಬರಿಗಾಗಿದ್ದರೆ ಒಂದು ಹಲ್ಲು ಹೋಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಆ ಹಲ್ಲು ಹೆಸರಿಗೆ ಮಾತ್ರ ಚಕ್ರಪಾಣಿಯವರದು. ಕಳೆದ ಎರಡು ತಿಂಗಳಿಂದ ಅದನ್ನು ಸಾಕುತ್ತಿದ್ದವನು ಪಕ್ಕದ ಮನೆಯ ಲಕ್ಷ್ಮೀಶ.

ಲಕ್ಷ್ಮೀಶ ದಂತ ವೈದ್ಯಕೀಯದ ಕೊನೆಯ ವರ್ಷದ ವಿದ್ಯಾರ್ಥಿ. ಅವನು ಓದುವ ಕಾಲೇಜಿನ ಹೆಸರು ನಮಗೆ ಬೇಡ. ಅಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಕಾಲೇಜಿನವರು ಪ್ರಶ್ನೆ ಕೊಡುತ್ತಾರೆ, ರೋಗಿಯನ್ನು ವಿದ್ಯಾರ್ಥಿಯೇ ಹಿಡಿದು ತರಬೇಕು. ಈ ಸಲದ ಪ್ರಶ್ನೆ, ಹಳೆಯ ಫಿಲ್ಲಿಂಗ್ ಕೆಟ್ಟಿರುವ ಒಂದು ಹಲ್ಲು. ಕೆಟ್ಟ ಜಾಗಕ್ಕೆ ಮಾತ್ರ ತೇಪೆ ಹಾಕಿ ರಿಪೇರಿ ಮಾಡಿದರೆ ಸಾಕೋ, ಇಲ್ಲ ಪೂರ್ತಿ ಕಿತ್ತು ಹೊಸದು ತುಂಬಬೇಕೋ ಎಂದು ತೀರ್ಮಾನಿಸಿ, ಕಾರಣ ಬರೆದು, ಪರೀಕ್ಷಕರ ಮುಂದೆ ಸಮರ್ಥಿಸಿಕೊಂಡು, ಆಮೇಲೆ ಹಾಗೇ ಮಾಡಿ ತೋರಿಸಬೇಕು. ಹೀಗಾಗಿ ಪರೀಕ್ಷೆ ಹತ್ತಿರ ಬಂದರೆ ಆ ಕಾಲೇಜಿನ ಹುಡುಗ ಹುಡುಗಿಯರು ಮದುವೆಗೆ ಹೋದರೂ ಗಂಡು ಹೆಣ್ಣಿನ ಮುಖ ನೋಡುವುದಿಲ್ಲ. ಊಟದ ಪಂಕ್ತಿಯಲ್ಲಿ ಯಾರು ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಾರೆ ಎಂದು ನೋಡುತ್ತಾರೆ.

ಚಕ್ರಪಾಣಿಯವರ ಹಲ್ಲನ್ನು ಲಕ್ಷ್ಮೀಶ ಕಂಡುಹಿಡಿದದ್ದು ಒಂದು ಸತ್ಯನಾರಾಯಣ ಪೂಜೆಯಲ್ಲಿ, ಮೂರನೆಯ ಅಧ್ಯಾಯದ ಹೊತ್ತಿಗೆ ಅವರು ಆಕಳಿಸಿದಾಗ. ಅಂಚು ಒಂಚೂರು ಒಡೆದ, ಪುಸ್ತಕದ ಚಿತ್ರದಂಥ ಫಿಲ್ಲಿಂಗ್. ಅಂದಿನಿಂದ ಅವರ ಮನೆಗೆ ಗ್ಯಾಸ್ ಬುಕ್ ಮಾಡುವುದು, ಚೂಡಾಮಣಿಯವರ ಮಿಕ್ಸಿಯನ್ನು ರಿಪೇರಿಗೆ ಒಯ್ಯುವುದು, ಚಕ್ರಪಾಣಿಯವರ ಫೋನಿನಲ್ಲಿ ತುಂಬಿಕೊಂಡ ಸುಪ್ರಭಾತದ ವಿಡಿಯೋಗಳನ್ನು ವಾರಕ್ಕೊಮ್ಮೆ ಅಳಿಸುವುದು, ಎಲ್ಲ ಲಕ್ಷ್ಮೀಶನ ತಲೆಗೇ ಬಂತು. ಪ್ರತಿಯಾಗಿ ಅವನು ಬೇಡಿದ್ದು ಒಂದೇ. ಪರೀಕ್ಷೆ ಮುಗಿಯುವ ತನಕ ಅಂಕಲ್ ಬಲಗಡೆ ಗಟ್ಟಿ ಪದಾರ್ಥ ಅಗಿಯಬಾರದು.

ಈ ಪರೀಕ್ಷೆಯಲ್ಲಿ ಪಾಸಾಗಲೇಬೇಕು ಎಂಬುದಕ್ಕೆ ಅವನ ಮನೆ ಗೇಟಿನಲ್ಲೇ ಸಾಕ್ಷಿ ಇತ್ತು. ಅವನ ತಂದೆ, ಬೀದಿಗೆಲ್ಲ ಶೀನಣ್ಣ ಎಂದೇ ಪರಿಚಯ, ಮಗ ಕೊನೆಯ ವರ್ಷಕ್ಕೆ ಕಾಲಿಟ್ಟ ದಿನವೇ ‘ಡಾ. ಲಕ್ಷ್ಮೀಶ, ದಂತ ವೈದ್ಯರು’ ಎಂದು ಹಿತ್ತಾಳೆಯ ಬೋರ್ಡು ಕೆತ್ತಿಸಿ ಗೇಟಿಗೆ ಹೊಡೆಸಿ, ಅದರ ಮೇಲೆ ನ್ಯೂಸ್ ಪೇಪರ್ ಸುತ್ತಿ ಟೇಪು ಅಂಟಿಸಿದ್ದರು. ಪೇಪರಿನೊಳಗೆ ಏನಿದೆಯೆಂದು ಬೀದಿಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹೋಗುವವರು ಬರುವವರು ಅದನ್ನು ನೋಡಿ, ಯಾವಾಗ ತೆಗೆಯೋದು ಶೀನಣ್ಣ ಎಂದು ಕೇಳುತ್ತಿದ್ದರು. ಫೇಲಾದರೆ ಇನ್ನು ಆರು ತಿಂಗಳು ಹೀಗೇ ಕೇಳುತ್ತಾರೆ, ಅದೂ ನಗುತ್ತ.

ಏಳೂವರೆಗೆ ಚೂಡಾಮಣಿ ಬಟ್ಟಲೊಂದನ್ನು ಹಿಡಿದು ಬಂದರು. ಒಳಗೆ ಅರ್ಧ ಹಲ್ಲು.

“ತಗೋಪ್ಪ ನಿನ್ ಹಲ್ಲು. ಹೆಂಗಾದ್ರೂ ಮಾಡಿ ಅಂಟ್ಸು,” ಎಂದರು.

ಲಕ್ಷ್ಮೀಶ ಬಟ್ಟಲನ್ನು ಕೈಗೆ ತೆಗೆದುಕೊಂಡ. ಅಷ್ಟರಲ್ಲಿ ಎದುರು ಮನೆಯವರು, ಮೇಲ್ಮನೆಯವರು, ಹಾಲಿನವನು ಎಲ್ಲರೂ ಬಟ್ಟಲಿನ ಸುತ್ತ ಸೇರಿದರು. ಉಪ್ಪುನೀರಲ್ಲಿ ಹಾಕಿಡು ಎಂದರು ಒಬ್ಬರು. ಹಾಲಲ್ಲಿ ಹಾಕಿಡಬೇಕು ಎಂದ ಹಾಲಿನವನು. ಚಕ್ರಪಾಣಿಯವರು ಹಿಂದಿನಿಂದ, ಅವತ್ತೇ ಇದ್ದ ಪರೀಕ್ಷೆಗೆಂದು ಷರ್ಟು ಹಾಕಿಕೊಂಡು ಹೊರಟೇ ಬಂದರು, ಅರ್ಧ ಹಲ್ಲು ಇನ್ನೂ ಬಾಯಲ್ಲಿದೆಯಲ್ಲ, ಅಷ್ಟು ಸಾಲದೇ ಎಂಬುದು ಅವರ ವಾದ. ಇದು ಈಗ ಫಿಲ್ಲಿಂಗ್ ಕೇಸ್ ಅಲ್ಲ, ಹಲ್ಲು ಕೀಳುವವರ ಕೇಸು, ಆ ವಿಭಾಗ ಬೇರೆ ಮಹಡಿಯಲ್ಲಿದೆ ಎಂದು ಲಕ್ಷ್ಮೀಶ ಅಳುವ ದನಿಯಲ್ಲಿ ವಿವರಿಸಿದ. ಚಕ್ರಪಾಣಿಯವರಿಗೆ ಸಿಟ್ಟು ಬಂತು.

“ಅಂದ್ರೆ ನನ್ ಹಲ್ಲು ಹೋಗಿದ್ದಕ್ಕೆ ನಿಂಗೆ ಬೇಜಾರಿಲ್ಲ. ನಿನ್ ಪರೀಕ್ಷೆ ಹೋಯ್ತು ಅಂತ ಬೇಜಾರು.”

ಅದು ನಿಜವೇ ಆಗಿತ್ತು. ಲಕ್ಷ್ಮೀಶ ಏಪ್ರನ್ ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದ. ಪರೀಕ್ಷೆ ಹತ್ತು ಗಂಟೆಗೆ.

ಸಂಪಿಗೆ ರಸ್ತೆಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಎಷ್ಟು ಸಾವಿರ ಹಲ್ಲುಗಳು ಓಡಾಡುತ್ತವೋ, ಅದರಲ್ಲಿ ಒಂದಾದರೂ ಕೆಟ್ಟ ಫಿಲ್ಲಿಂಗ್ ಸಿಗದೇ ಎಂಬುದು ಅವನ ಲೆಕ್ಕಾಚಾರ. ನಿಂತು ತಿನ್ನುವ ಹೋಟೆಲೊಂದಕ್ಕೆ ನುಗ್ಗಿ, ತಣ್ಣನೆಯ ನೀರು ಕುಡಿದು ಮುಖ ಹಿಂಡಿದವರನ್ನೆಲ್ಲ ಹುಡುಕಿ ಹುಡುಕಿ ಮಾತಾಡಿಸಿದ. ಒಬ್ಬ ಹೆಂಗಸು ಟೂತ್‌ಪೇಸ್ಟ್ ಮಾರುವವನೆಂದು ತಿಳಿದು, ನಮ್ಮನೇಲಿ ಮೂರು ಟ್ಯೂಬ್ ಇದೆ ಬೇಡಪ್ಪ ಎಂದಳು. ಕಾಲೇಜು ಹುಡುಗನೊಬ್ಬ, ನನ್ನ ಹಲ್ಲಿನ ಯೋಗಕ್ಷೇಮ ನಿಮಗ್ಯಾಕೆ ಎಂದು ಕೇಳಿ ವಡೆ ಮುಂದುವರಿಸಿದ. ಕಡೆಗೆ ವಯಸ್ಸಾದ ಒಬ್ಬರು ಮಾತ್ರ, ಅಯ್ಯೋ ಅದಕ್ಕೇನಂತೆ, ನೋಡಪ್ಪ ಎಂದು ಧಾರಾಳವಾಗಿ ಒಪ್ಪಿದರು. ಒಪ್ಪಿದವರು ಮೇಲಿನ ಸೆಟ್ಟು ಕೆಳಗಿನ ಸೆಟ್ಟು ಎರಡನ್ನೂ ತೆಗೆದು ಚಟ್ನಿಯ ಪಕ್ಕ ಇಟ್ಟರು. ಪಕ್ಕದ ಟೇಬಲಿನವರು ತಟ್ಟೆ ಬಿಟ್ಟು ಎದ್ದರು. ಹೋಟೆಲಿನ ಯಜಮಾನ ಬಂದು ಲಕ್ಷ್ಮೀಶನ ತೋಳು ಹಿಡಿದು, ಬಹಳ ಮರ್ಯಾದೆಯಿಂದಲೇ, ಹೊರಗೆ ಬಿಟ್ಟ.

ಆಗ ಆತ್ರೇಯನ ಫೋನು ಬಂತು.

ಈ ಆತ್ರೇಯ ಯಾರೆಂದು ಹೇಳಬೇಕು. ಲಕ್ಷ್ಮೀಶನ ಸಹಪಾಠಿ, ಗೆಳೆಯ. ಕೈಕೆಲಸ ಅಷ್ಟಕ್ಕಷ್ಟೇ, ಬಾಯಿಕೆಲಸದಲ್ಲಿ ಅವನ ಸಮ ಯಾರೂ ಇಲ್ಲ. ಆ ಕಾಲೇಜಿನಲ್ಲಿ ಪ್ರತಿ ವರ್ಷ ಇಷ್ಟು ಫಿಲ್ಲಿಂಗ್, ಇಷ್ಟು ಮಕ್ಕಳ ಹಲ್ಲು ಎಂದು ಕೋಟಾ ಮುಗಿಸಬೇಕು. ಯಾವುದು ಹೆಚ್ಚಾಗಿದೆಯೋ ಅದನ್ನು ಕೊಟ್ಟು ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳುವ ಸಂತೆ ಹಾಸ್ಟೆಲಿನಲ್ಲಿ ಸದಾ ನಡೆಯುತ್ತಿತ್ತು. ಅದಕ್ಕೆಂದೇ ಕೇಸ್ ಶೀಟಿನಲ್ಲಿ ‘ಕೆಲಸ ಮಾಡಿದವರು’ ಎಂಬ ಸಾಲನ್ನು ಆದಷ್ಟು ದಿನ ಖಾಲಿ ಬಿಡುವುದು ಅಲ್ಲಿನ ಸಂಪ್ರದಾಯ. ಯಾರ ಕೆಲಸ ಯಾರ ಹೆಸರಿಗೆ ಸೇರುತ್ತದೋ ಬಲ್ಲವರಾರು. ಲಕ್ಷ್ಮೀಶನೂ ಕೊಟ್ಟಿದ್ದ, ತೆಗೆದುಕೊಂಡಿದ್ದ. ಆತ್ರೇಯ ಮಾತ್ರ ಆ ಸಂತೆಯಲ್ಲೇ ಓದಿ ಇಲ್ಲಿಯವರೆಗೆ ಬಂದವನು.

“ಮಚ್ಚಾ, ನಿನ್ ಅಂಕಲ್ ಹಲ್ಲು ಹೋಯ್ತಂತೆ, ಗ್ರೂಪಲ್ಲಿ ನೋಡ್ದೆ. ನನ್ ಹತ್ರ ಎರಡು ಪೇಷಂಟ್ ಇದಾರೆ. ಸೇಫ್ಟಿಗೆ ಅಂತ ಒಂದು ಎಕ್ಸ್‌ಟ್ರಾ ಕರ್ಸಿದ್ದೆ. ಬೇಕಾ?”

ಬೇಕಾ ಎಂದು ಕೇಳುವುದೇ ಒಂದು ಕ್ರೌರ್ಯ. ಅದಕ್ಕೆ ಪ್ರತಿಯಾಗಿ ಆತ್ರೇಯ ಕೇಳಿದ್ದು, ಪಾಸಾಗಿ ಇಂಟರ್ನ್‌ಶಿಪ್ ಶುರುವಾದ ಮೇಲೆ ಅವನ ಬದಲು ಹತ್ತು ಭಾನುವಾರದ ಡ್ಯೂಟಿ. ಐದಕ್ಕೆ ಇಳಿಸಲು ಲಕ್ಷ್ಮೀಶ ನೋಡಿದ. ಟೈಮ್ ಒಂಬತ್ತಾಗ್ತಾ ಬಂತು ಎಂದಷ್ಟೇ ಹೇಳಿದ ಆತ್ರೇಯ. ಹತ್ತಕ್ಕೇ ವ್ಯಾಪಾರ ಕುದುರಿತು.

ರೋಗಿಯ ಹೆಸರು ಹನುಮಕ್ಕ. ಸರ್ಕಾರಿ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಮೂವತ್ತಾರು ವರ್ಷ ಪುಸ್ತಕ ಹೊಲಿದು ನಿವೃತ್ತಿಯಾದ ಹೆಂಗಸು. ಕಾಲೇಜಿನ ವರಾಂಡದ ಬೆಂಚಿನಲ್ಲಿ ಒಂದು ಡಬ್ಬಿ, ಒಂದು ಛತ್ರಿ, ಎಲೆ ಅಡಿಕೆಯ ಚೀಲ ಪಕ್ಕಕ್ಕಿಟ್ಟುಕೊಂಡು, ಮದುವೆ ಮನೆಗೆ ಬಂದವರ ಹಾಗೆ ಆರಾಮಾಗಿ ಕೂತಿದ್ದರು. ಎಡಗಡೆ ಕೆಳದವಡೆಯಲ್ಲಿ ಒಂದು ಫಿಲ್ಲಿಂಗ್, ಅಂಚಿನಲ್ಲಿ ಕಂದು ಗೆರೆ.

“ನನ್ ಥರ್ಡ್ ಇಯರ್ ಲಿಸ್ಟಲ್ಲಿ ನಂಬರ್ ಇತ್ತು ಮಚ್ಚಾ, ಫೋನ್ ಮಾಡಿ ಕರ್ಸ್‌ದೆ,” ಎಂದ ಆತ್ರೇಯ.

ಲಕ್ಷ್ಮೀಶನ ಜೀವಕ್ಕೆ ಜೀವ ಬಂತು. ಆತ್ರೇಯನ ಲಿಸ್ಟಿನ ಫಿಲ್ಲಿಂಗ್ ಎಂದ ಮೇಲೆ ಅದು ಕೆಟ್ಟಿದೆಯೋ ಇಲ್ಲವೋ ಎಂದು ನೋಡುವ ತೊಂದರೆಯೇ ಇಲ್ಲ. ಕೆಟ್ಟೇ ಇರಬೇಕು. ನೀನು ಮಾಡಿದ್ದು ತಾನೇ, ಕಣ್ಣು ಮುಚ್ಚಿಕೊಂಡು ಹೊಸದು ಹಾಕಬಹುದು ಬಿಡು ಎಂದು ಅವನ ಬೆನ್ನಿಗೊಂದು ಗುದ್ದಿದ. ಆತ್ರೇಯ ನಕ್ಕ. ತಾನು ಯಾವುದನ್ನು ಮಾಡಿದ್ದೆ, ಯಾವುದನ್ನು ಮಾಡಿರಲಿಲ್ಲ ಎಂಬುದು ಅವನಿಗೂ ನೆನಪಿರಲಿಲ್ಲ.

ಕುರ್ಚಿಯಲ್ಲಿ ಒರಗಿದ ಹನುಮಕ್ಕ ತಾವಾಗಿಯೇ ಹಳೆಯ ಕತೆ ಶುರು ಮಾಡಿದರು. ಎರಡು ವರ್ಷದ ಹಿಂದೆ ಇಲ್ಲೇ ಮಾಡಿಸಿಕೊಂಡದ್ದಂತೆ. ಹುಡುಗ ಮುಖವೆಲ್ಲ ಮುಚ್ಚಿಕೊಂಡಿದ್ದ, ಕಣ್ಣು ಮಾತ್ರ ಕಾಣುತ್ತಿತ್ತಂತೆ. ಬೆಳಿಗ್ಗೆ ಕೂರಿಸಿದವನು ಮಧ್ಯಾಹ್ನ ಊಟದ ಹೊತ್ತಾದರೂ ಏಳಿಸಲಿಲ್ಲವಂತೆ.

“ಕೈ ಹೆಂಗ್ ನಡುಗ್ತಿತ್ತು ಅಂತೀಯ. ಕೊನೆಗೆ ನಾನೇ ಅವನ ಮಣಿಕಟ್ಟು ಹಿಡ್ಕೊಂಡೆ. ನಿಧಾನಕ್ಕೆ ಮಾಡಪ್ಪ, ನಂಗೇನ್ ಅರ್ಜೆಂಟಿಲ್ಲ ಅಂದೆ. ಅಂಥ ಕೈ ಇಟ್ಕೊಂಡು ಈ ಕೆಲಸಕ್ಕ್ಯಾಕ್ ಬರ್ತಾರೋ.”

ಲಕ್ಷ್ಮೀಶ ಮಾಸ್ಕಿನೊಳಗೇ ನಕ್ಕ. ಎದುರು ಕುರ್ಚಿಯಲ್ಲಿ ತನ್ನ ರೋಗಿಯನ್ನು ನೋಡುತ್ತಿದ್ದ ಆತ್ರೇಯನ ಕಡೆ ಹುಬ್ಬು ಹಾರಿಸಿದ. ಪಾಪ ಅಮ್ಮ, ಕೆಲವರಿಗೆ ಕೈ ಕುದುರೋದೇ ಇಲ್ಲ ಎಂದು ಹನುಮಕ್ಕನನ್ನು ಸಮಾಧಾನ ಮಾಡಿದ.

ಈಗ ಫಾರಂ ತುಂಬಬೇಕು. ಮೊದಲು ಹಲ್ಲಿನ ಚಿತ್ರ. ಲಕ್ಷ್ಮೀಶನಿಗೆ ಚಿತ್ರ ಬರುವುದಿಲ್ಲ. ಅವನು ಬರೆದ ಹಲ್ಲಿನ ಬೇರುಗಳು ಯಾವಾಗಲೂ ಉಬ್ಬಿ, ಕೊನೆಯಲ್ಲಿ ಬಾಲದ ಹಾಗೆ ಸೊಟ್ಟಗಾಗಿಬಿಡುತ್ತವೆ. ಹಿಂದಿನಿಂದ ಬಂದ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಮಹಾನಂದ ಮೇಡಂ ಬಗ್ಗಿ ನೋಡಿದರು.

“ನಾಲ್ಕು ವರ್ಷದಿಂದ ನೋಡ್ತಿದೀನಿ ಲಕ್ಷ್ಮೀಶ, ಇನ್ನೂ ಮೂಲಂಗಿನೇ ಬರೀತಿದೀಯ. ಇಡೀ ಕಾಲೇಜಲ್ಲಿ ಇಂಥ ಹಲ್ಲು ಬರೆಯೋನು ನೀನೊಬ್ಬನೇ,” ಎಂದು ಹೇಳಿ ಮುಂದೆ ಹೋದರು.

ಚಿತ್ರ ಆಯಿತು, ಇನ್ನು ತೀರ್ಮಾನ. ರಿಪೇರಿಯೋ, ಬದಲಿಯೋ. ಪುಸ್ತಕದಲ್ಲಿ ಇದನ್ನು ಹಲ್ಲು ನೋಡಿ ನಿರ್ಧರಿಸಬೇಕು ಎಂದಿದೆ. ಪುಸ್ತಕ ಬರೆದವರು ಆ ಕಾಲೇಜಿನಲ್ಲಿ ಪರೀಕ್ಷೆ ಬರೆದಿರಲಿಲ್ಲ. ಅಲ್ಲಿ ಅದನ್ನು ಪರೀಕ್ಷಕರ ಮುಖ ನೋಡಿ ನಿರ್ಧರಿಸುವುದು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಡಾಕ್ಟರ್ ಬದರೀನಾರಾಯಣ. ಅವರು ರಿಪೇರಿ ಪಕ್ಷದವರು, ಕಂಡವರ ಹಲ್ಲು ಕೊರೆಯುವುದನ್ನು ಕಂಡರೆ ಉರಿದುಬೀಳುತ್ತಾರೆ ಎಂದು ತರಗತಿಯ ಮೊದಲ ಸ್ಥಾನದ ಮೋನಿಷಾ ಎಲ್ಲಿಂದಲೋ ಸುದ್ದಿ ತಂದಳು. ಇಡೀ ತರಗತಿ ರಿಪೇರಿ ಎಂದು ಬರೆಯಿತು. ಲಕ್ಷ್ಮೀಶನೂ ಬರೆದ. ಹತ್ತು ನಿಮಿಷಕ್ಕೆ ಮಹಾನಂದ ಮೇಡಂ ಇನ್ನೊಂದು ಸುತ್ತು ಬಂದು, ಈ ತೇಪೆ ಹಾಕೋ ಬುದ್ಧಿ ಯಾರು ಕಲಿಸಿದ್ದು, ನನ್ನ ಡಿಪಾರ್ಟ್‌ಮೆಂಟಿನಲ್ಲಿ ಹಳೇದು ಪೂರ್ತಿ ತೆಗೆದು ಹೊಸದು ಹಾಕೋದೇ ಪದ್ಧತಿ ಎಂದು ಗಾಳಿಗೆ ಹೇಳುವವರಂತೆ ಹೇಳಿ ಹೋದರು. ಅರ್ಧ ಕೊಠಡಿಯಲ್ಲಿ ವೈಟ್ನರ್ ವಾಸನೆ ಎದ್ದಿತು. ಲಕ್ಷ್ಮೀಶ ರಿಪೇರಿಯನ್ನು ಅಳಿಸಿ ಬದಲಿ ಮಾಡಿದ. ಆಮೇಲೆ ಅಟೆಂಡರ್ ಮುತ್ತುರಾಜ್ ಹತ್ತಿ ತರುವ ನೆಪದಲ್ಲಿ ಬಂದು, ಹೊರಗಿನವರ ಕೈಲೇ ಜಾಸ್ತಿ ಮಾರ್ಕ್ಸ್ ಇರೋದು ಎಂದು ಪಿಸುಗುಟ್ಟಿದ. ವೈಟ್ನರ್ ಮೇಲೆ ಮತ್ತೆ ರಿಪೇರಿ ಬಂತು. ಆ ಜಾಗದಲ್ಲಿ ಕಾಗದ ಈಗ ಸುಣ್ಣ ಬಳಿದ ಗೋಡೆಯಂತೆ ದಪ್ಪಗಾಗಿತ್ತು.

ಇದನ್ನೆಲ್ಲ ಹನುಮಕ್ಕ ಓರೆಗಣ್ಣಿನಿಂದ ನೋಡುತ್ತಲೇ ಇದ್ದರು. ಏನಪ್ಪ ಅದು ಅಳಿಸೋದು ಬರೆಯೋದು ಎಂದು ಕೇಳಿದರು. ಲಕ್ಷ್ಮೀಶ ಸಮಸ್ಯೆ ಹೇಳಿದ.

“ಇದೇನ್ ಮಹಾ. ನಮ್ ಪ್ರೆಸ್ಸಲ್ಲೂ ಇದೇ ಆಗ್ತಿತ್ತು. ಹಳೇ ಪುಸ್ತಕ ಬರೋದು, ಮೇಲೆ ಕೊಳೆ ಇರೋದು. ಹೊಸಬರು ಬಂದೋರು ಕೊಳೆ ನೋಡ್ದೇಟ್ಗೆ ಹೊಲಿಗೆ ಬಿಚ್ಚೋರು. ಮೊದ್ಲು ದಾರ ಎಳೆದು ನೋಡ್ಬೇಕು ಕಣಪ್ಪ. ದಾರ ಗಟ್ಟಿ ಇದ್ರೆ ಸುಮ್ನೆ ಒರೆಸಿ ಇಡೋದು. ಬಿಚ್ಚೂಬಾರ್ದು, ಹೊಲೀಲೂಬಾರ್ದು.”

ಹಲ್ಲು ಬೇರೆ, ಪುಸ್ತಕ ಬೇರೆ ಅಮ್ಮ ಎಂದು ಲಕ್ಷ್ಮೀಶ ಮರುಕದಿಂದ ನಕ್ಕ. ನಾಲ್ಕು ವರ್ಷ ಓದಿದವನಿಗೆ ಬೈಂಡಿಂಗ್ ಮಾಡಿದವರು ಬುದ್ಧಿ ಹೇಳುವುದು ಎಂದರೇನು. ಆದರೂ ಪಕ್ಕಾ ಮಾಡಿಕೊಳ್ಳೋಣವೆಂದು ಆತ್ರೇಯನ ಕಡೆ ತಿರುಗಿ ಕಣ್ಣಲ್ಲೇ ಕೇಳಿದ. ಆತ್ರೇಯ ತನ್ನ ರೋಗಿಯ ಪರೀಕ್ಷೆ ಆಗಲೇ ಮುಗಿಸಿ, ಇದ್ದದ್ದರಲ್ಲಿ ದಡ ಸೇರಿ, ಹಲ್ಲು ಕಿರಿಯುತ್ತ ನಿಂತಿದ್ದ. ಕಿತ್ತಾಕು ಎಂದು ಕೈಸನ್ನೆ ಮಾಡಿದ. ತಾನು ಮಾಡಿದ್ದನ್ನು ತಾನೇ ಕಿತ್ತಾಕು ಎನ್ನುವಾಗ ಇನ್ನು ಅನುಮಾನವೇಕೆ. ಲಕ್ಷ್ಮೀಶ ಕೊನೆಯ ಬಾರಿಗೆ ಅಳಿಸಿ ‘ಬದಲಿ’ ಎಂದು ಬರೆದ. ಕಾರಣದ ಜಾಗದಲ್ಲಿ, ಇಷ್ಟು ದಿನ ಆತ್ರೇಯನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಹರಿದು ಬಂತು. ಅಂಚು ಒಡೆದಿದೆ, ಒಳಗೆ ಹುಳುಕು ಹತ್ತಿದೆ, ಆಕಾರ ಸರಿಯಿಲ್ಲ, ಈ ಕೆಲಸ ಮಾಡಿದ ವ್ಯಕ್ತಿಗೆ ಹಲ್ಲಿನ ರಚನೆಯ ಪ್ರಾಥಮಿಕ ತಿಳಿವಳಿಕೆಯೂ ಇದ್ದಂತಿಲ್ಲ ಎಂದು ಒಂದು ಪುಟ ತುಂಬಿಸಿದ. ಬರೆದು ಓದಿಕೊಂಡಾಗ ಅವನಿಗೇ ತನ್ನ ವಿದ್ವತ್ತಿನ ಬಗ್ಗೆ ಹೆಮ್ಮೆಯಾಯಿತು.

ಬದರೀನಾರಾಯಣರು ಲಕ್ಷ್ಮೀಶನ ಕುರ್ಚಿಯ ಹತ್ತಿರ ಬಂದಾಗ ಹನ್ನೆರಡೂವರೆ. ಸಣ್ಣ ದೇಹದ, ಮೆಲು ಮಾತಿನ ಮನುಷ್ಯ. ಜೊತೆಗೆ ಮಹಾನಂದ ಮೇಡಂ. ಫಾರಂ ಓದಿದರು. ಸುಣ್ಣ ಬಳಿದ ಜಾಗವನ್ನು ಬೆರಳಲ್ಲಿ ಸವರಿ ನೋಡಿದರು. ಈ ಫಿಲ್ಲಿಂಗ್ ಬಗ್ಗೆ ನಿನ್ನ ಅಭಿಪ್ರಾಯ ಬಾಯಲ್ಲೂ ಹೇಳಪ್ಪ ಎಂದರು.

ಅಷ್ಟು ಸಾಕಾಗಿತ್ತು. ಲಕ್ಷ್ಮೀಶನ ಬಾಯಿ ಐದು ನಿಮಿಷ ನಿಲ್ಲಲಿಲ್ಲ. ಅಜಾಗರೂಕತೆಗೆ ಇದೊಂದು ಉದಾಹರಣೆ ಸರ್ ಎಂದ. ಇಂಥವರು ಈ ವೃತ್ತಿಗೆ ಬರಬಾರದು ಎಂದ. ಅಲ್ಲೇ ನಿಂತಿದ್ದ ಆತ್ರೇಯ ಮೊದಲ ಸಲ ಸ್ವಲ್ಪ ಮುಖ ಸಣ್ಣದು ಮಾಡಿದ.

ಬದರೀನಾರಾಯಣರು ಸ್ಟೂಲ್ ಎಳೆದುಕೊಂಡು ಕೂತರು. ಮೊದಲು ಹತ್ತಿಯಲ್ಲಿ ಆ ಕಂದು ಗೆರೆಯನ್ನು ಒರೆಸಿದರು, ಆಮೇಲೆ ಸಣ್ಣ ಬ್ರಷ್ ಹಾಕಿ ತಿಕ್ಕಿದರು. ಗೆರೆ ಹೋಯಿತು. ಚೂಪು ಕಡ್ಡಿಯನ್ನು ಅಂಚಿನುದ್ದಕ್ಕೂ ಎಳೆದರು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಆಮೇಲೆ ಹನುಮಕ್ಕನ ಕಡೆ ಬಗ್ಗಿದರು.

“ಅಮ್ಮ, ಎಲೆ ಅಡಿಕೆ ಹಾಕ್ತೀರಾ?”

“ಊಟ ಆದ್ಮೇಲೆ ಒಂದು ಸಲ. ಸಂಜೆ ಒಂದು ಸಲ,” ಎಂದರು ಹನುಮಕ್ಕ. ನಡುವೆ ಹಾಕುವುದನ್ನು ಹೇಳಲಿಲ್ಲ.

“ಅದರ ಕಲೆ ಅಷ್ಟೇ. ಇದರಲ್ಲಿ ಏನೂ ಕೆಟ್ಟಿಲ್ಲ.” ಬದರೀನಾರಾಯಣರು ಲಕ್ಷ್ಮೀಶನ ಕಡೆ ತಿರುಗಿದರು. “ರಿಪೇರಿನೂ ಬೇಡ, ಬದಲಿನೂ ಬೇಡ. ಸುಮ್ನೆ ಒರೆಸಿ ಬಿಟ್ರೆ ಇನ್ನು ಹದಿನೈದು ವರ್ಷ ಬರುತ್ತೆ. ನೀನು ಇದನ್ನ ಕೀಳ್ತಿದ್ದೆ.”

ಹನುಮಕ್ಕ ಬಾಯಲ್ಲಿ ಹತ್ತಿ ಇಟ್ಟುಕೊಂಡೇ, ನಾನ್ ಹೇಳ್ಲಿಲ್ವಾ ಎನ್ನುವಂತೆ ಲಕ್ಷ್ಮೀಶನನ್ನು ನೋಡಿದರು. ಬದಲಿ ಪಕ್ಷದ ಮಹಾನಂದ ಮೇಡಂ ಕೂಡ ತಕ್ಷಣ, ನಾನೂ ಅದನ್ನೇ ಅಂದ್ಕೊಂಡೆ ಸರ್ ಎಂದರು.

ಲಕ್ಷ್ಮೀಶ ಬೇಡಿಕೊಂಡ. ಇನ್ನೊಂದು ಅವಕಾಶ ಕೊಡಿ ಎಂದ. ಕೆಟ್ಟ ಫಿಲ್ಲಿಂಗ್ ಇರುವ ಬೇರೆ ರೋಗಿ ಇದ್ದರೆ ಕರೆತಾ, ನೋಡೋಣ ಎಂದರು ಅವರು. ಬೇರೆ ರೋಗಿ ಎಲ್ಲಿ. ಇದ್ದ ಒಬ್ಬರು ಬೆಳಿಗ್ಗೆ ಏಳಕ್ಕೇ ಕೋಡುಬಳೆಗೆ ಆಹುತಿಯಾಗಿದ್ದರು. ಬದರೀನಾರಾಯಣರು ಪೆನ್ನು ತೆಗೆದು ಅಂಕದ ಜಾಗದಲ್ಲಿ ಏನೋ ಬರೆದು, ಫಾರಂ ಮಡಿಸಿದರು. ಮಡಿಸಿದ ರೀತಿಯಲ್ಲೇ ಎಷ್ಟು ಬರೆದಿದ್ದಾರೆಂದು ಗೊತ್ತಾಯಿತು.

ಅಲ್ಲಿಗೆ ಮುಗಿದಿದ್ದರೆ ಲಕ್ಷ್ಮೀಶನೂ ಎಲ್ಲರಂತೆ ಒಬ್ಬ ಫೇಲಾದ ಹುಡುಗ. ಆದರೆ ಆ ಮನುಷ್ಯ ಸ್ಟೂಲಿನಿಂದ ಏಳಲಿಲ್ಲ. ಮತ್ತೆ ಕನ್ನಡಿ ಹಿಡಿದು ಹನುಮಕ್ಕನ ಬಾಯಿಯೊಳಗೇ ನೋಡುತ್ತ ಕೂತರು. ಮೋನಿಷಾಳನ್ನು ಕರೆದರು, ಇನ್ನಿಬ್ಬರನ್ನು ಕರೆದರು. ನೋಡಿ, ಹಲ್ಲಿನ ಗುಂಡಿ ಏಣು ಎಲ್ಲ ಹೇಗೆ ತಿದ್ದಿದಾನೆ, ಎಲ್ಲಿ ಹಲ್ಲು ಮುಗೀತು ಎಲ್ಲಿ ಫಿಲ್ಲಿಂಗ್ ಶುರುವಾಯ್ತು ಹೇಳಿ ನೋಡೋಣ ಎಂದರು. ಮೂವತ್ತು ವರ್ಷದಲ್ಲಿ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಇಂಥ ಕೆಲಸ ನೋಡಿದ್ದು ಕಡಿಮೆ ಎಂದರು. ಆಮೇಲೆ, ಇದನ್ನು ಮಾಡಿದವನು ಯಾರು, ಹಳೇ ಕೇಸ್ ಶೀಟ್ ತರಿಸಿ ಎಂದರು. ಹಳೆಯ ಶೀಟನ್ನು ಪರೀಕ್ಷೆಗೆ ಮೊದಲೇ ನೋಡಬೇಕೆಂದು ನಿಯಮವಿತ್ತು. ಮುತ್ತುರಾಜ್ ಅದನ್ನು ಹುಡುಕಲು ಗಂಟೆಗಟ್ಟಲೆ ತೆಗೆದುಕೊಳ್ಳುವುದರಿಂದ ಯಾರೂ ಕೇಳುತ್ತಿರಲಿಲ್ಲ. ದೊಡ್ಡವರು ಕೇಳಿದ್ದರಿಂದ ಐದೇ ನಿಮಿಷಕ್ಕೆ ತಂದ.

ಬದರೀನಾರಾಯಣರು ಶೀಟನ್ನು ಟೇಬಲಿನ ಮೇಲೆ ಬಿಡಿಸಿಟ್ಟರು. ಲಕ್ಷ್ಮೀಶ ಸುಮ್ಮನೆ ಆ ಕಡೆ ಕಣ್ಣು ಹಾಯಿಸಿದ.

ಹಾಳೆಯ ಮಧ್ಯದಲ್ಲಿ ಹಲ್ಲಿನ ಚಿತ್ರ ಇತ್ತು. ಎರಡು ಬೇರು, ಎರಡೂ ಉಬ್ಬಿಕೊಂಡು, ಕೊನೆಗೆ ಬಾಲದ ಹಾಗೆ ಸೊಟ್ಟಗಾಗಿದ್ದವು. ಮೂಲಂಗಿ.

ಅವನಿಗೆ ಎಲ್ಲ ಒಟ್ಟಿಗೇ ನೆನಪಾಯಿತು. ಮೂರನೆಯ ವರ್ಷ, ಮಳೆಗಾಲ, ಅವನ ಮೊಟ್ಟಮೊದಲ ದವಡೆ ಹಲ್ಲಿನ ಫಿಲ್ಲಿಂಗ್. ನಾಲ್ಕು ಗಂಟೆ ಹಿಡಿದಿತ್ತು. ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ಒಂದು ಒರಟು ಕೈ ಬಂದು ಮಣಿಕಟ್ಟು ಹಿಡಿದುಕೊಂಡಿತ್ತು, ನಿಧಾನಕ್ಕೆ ಮಾಡಪ್ಪ ಎಂದಿತ್ತು. ಅದಾದ ಮೂರನೆಯ ವಾರ, ಮಕ್ಕಳ ಹಲ್ಲಿನ ಒಂದು ಕೇಸಿಗೆ ಬದಲಾಗಿ ಅದನ್ನು ಆತ್ರೇಯನಿಗೆ ಕೊಟ್ಟುಬಿಟ್ಟಿದ್ದ. ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಆತ್ರೇಯ ಸಹಿ ಹಾಕಿದ್ದ.

“ಆತ್ರೇಯ ಯಾರಪ್ಪ?” ಎಂದರು ಬದರೀನಾರಾಯಣರು.

ಆತ್ರೇಯ ಒಂದು ಹೆಜ್ಜೆ ಮುಂದೆ ಬಂದ. ಚಿತ್ರವನ್ನು ಅವನೂ ನೋಡಿದ, ಲಕ್ಷ್ಮೀಶನನ್ನೂ ನೋಡಿದ. ಒಂದು ಕ್ಷಣ ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು. ಆಮೇಲೆ ಸಂತೆಯಲ್ಲಿ ಪಳಗಿದ ಮನುಷ್ಯ ತಲೆತಗ್ಗಿಸಿ, ವಿನಯದಿಂದ, “ನಾನೇ ಸರ್,” ಎಂದ.

ಬದರೀನಾರಾಯಣರು ಎದ್ದು ನಿಂತು ಅವನ ಕೈ ಕುಲುಕಿದರು. ಈ ವರ್ಷದ ಅತ್ಯುತ್ತಮ ಕೆಲಸದ ಬಹುಮಾನಕ್ಕೆ ಇವನ ಹೆಸರು ಬರ್ಕೊಳ್ಳಿ ಎಂದು ಮೇಡಂಗೆ ಹೇಳಿದರು.

“ಸರ್, ಅದು…” ಎಂದ ಲಕ್ಷ್ಮೀಶ. ತಾನು ಬಾಯಿ ತೆರೆದದ್ದು ಅವನಿಗೇ ಗೊತ್ತಾಗಲಿಲ್ಲ.

ಎಲ್ಲರೂ ತಿರುಗಿದರು. ಮಹಾನಂದ ಮೇಡಂ ಹಾಳೆಯ ಮೇಲಿನ ಮೂಲಂಗಿಯನ್ನು ನೋಡಿದರು, ಲಕ್ಷ್ಮೀಶನನ್ನು ನೋಡಿದರು, ಮತ್ತೆ ಮೂಲಂಗಿಯನ್ನು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದ ತಕ್ಷಣ ಹಾಳೆಯನ್ನು ಮೆಲ್ಲಗೆ ಮಡಿಸಿದರು.

“ಏನಾದ್ರೂ ಹೇಳೋದಿದ್ಯಾ ಲಕ್ಷ್ಮೀಶ? ಈ ರೆಕಾರ್ಡಿನಲ್ಲಿ ಪ್ರತಿಯೊಂದಕ್ಕೂ ನಾನು ಸಹಿ ಹಾಕಿದೀನಿ. ಸುಳ್ಳು ರೆಕಾರ್ಡ್ ಮಾಡಿದೋರಿಗೆ ಎರಡು ವರ್ಷ ಪರೀಕ್ಷೆ ಇಲ್ಲ ಅನ್ನೋದು ಗೊತ್ತಲ್ಲ. ಕೊಟ್ಟೋನಿಗೂ, ತಗೊಂಡೋನಿಗೂ.”

“ಏನಿಲ್ಲ ಮೇಡಂ,” ಎಂದ ಲಕ್ಷ್ಮೀಶ.

ನಾಲ್ಕು ವರ್ಷದಲ್ಲಿ ಅವನ ಕೆಲಸವನ್ನು ಒಬ್ಬರಾದರೂ ಚೆನ್ನಾಗಿದೆ ಎಂದಿರಲಿಲ್ಲ. ತನ್ನ ಕೈಯಲ್ಲಿ ಇಂಥದ್ದೊಂದು ಇದೆ ಎಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾದ ದಿನ, ಇದನ್ನು ಮಾಡಿದವನಿಗೆ ಪ್ರಾಥಮಿಕ ತಿಳಿವಳಿಕೆಯೂ ಇಲ್ಲ ಎಂದು ತನ್ನದೇ ಅಕ್ಷರದಲ್ಲಿ ಒಂದು ಪುಟ ಬರೆದು ಸಹಿ ಹಾಕಿಯಾಗಿತ್ತು. ಆ ಹಾಳೆಯಲ್ಲಿ ಮಾತ್ರ ಸಹಿಯ ಸಾಲನ್ನು ಅವನು ಖಾಲಿ ಬಿಟ್ಟಿರಲಿಲ್ಲ.

ಹನುಮಕ್ಕ ಕುರ್ಚಿಯಿಂದ ಇಳಿದವರು ನೇರ ಆತ್ರೇಯನ ಹತ್ತಿರ ಹೋದರು. ನಿನ್ನ ಕೈ ನೋಡಿದಾಗಲೇ ಅಂದುಕೊಂಡಿದ್ದೆ ಕಣಪ್ಪ ಎಂದರು. ನಡುಗುವ ಕೈ ಎಂದು ಬೆಳಿಗ್ಗೆ ಹೇಳಿದ್ದನ್ನು ಅವರು ಮರೆತಿದ್ದರು. ಡಬ್ಬಿಯಲ್ಲಿ ತಂದಿದ್ದ ರವೆ ಉಂಡೆಗಳನ್ನೆಲ್ಲ ಅವನ ಕೈಗೆ ಸುರಿದರು. ಆತ್ರೇಯ ಒಂದನ್ನು ಲಕ್ಷ್ಮೀಶನ ಕಡೆ ಚಾಚಿ, ಕಿವಿಯ ಹತ್ತಿರ ಬಂದು, “ಬೇಜಾರಾಗ್ಬೇಡ ಮಚ್ಚಾ. ಭಾನುವಾರ ಹತ್ತು ಬೇಡ, ಒಂಬತ್ತು ಮಾಡು ಸಾಕು,” ಎಂದ.

ರೋಗಿಯನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬರುವುದು ವಿದ್ಯಾರ್ಥಿಯ ಕರ್ತವ್ಯ. ಫೇಲಾದವನಿಗೂ ಅದರಲ್ಲಿ ವಿನಾಯಿತಿ ಇಲ್ಲ. ಲಕ್ಷ್ಮೀಶ ಹನುಮಕ್ಕನ ಛತ್ರಿ ಹಿಡಿದು ಪಕ್ಕದಲ್ಲಿ ನಡೆದ. ಫೋನು ಬಂತು. ಶೀನಣ್ಣ.

“ಏನಪ್ಪ, ಮುಗೀತಾ? ಬೋರ್ಡಿನ ಪೇಪರ್ ತೆಗೆಯೋಣಾಂತ ಏಣಿ ಹಾಕಿದೀನಿ. ಚಕ್ರಪಾಣಿಯವ್ರೂ ಬಂದಿದಾರೆ, ದವಡೆ ಹಿಡ್ಕೊಂಡು ಗೇಟಲ್ಲೇ ಕೂತಿದಾರೆ, ನಿನ್ ಕೈಲೇ ತೋರಿಸ್ಬೇಕಂತೆ.”

“ಏಣಿ ತೆಗೀರಿ ಅಪ್ಪ. ಪೇಪರ್ ಇರ್ಲಿ,” ಎಂದ ಲಕ್ಷ್ಮೀಶ.

ಆ ಕಡೆ ಏಣಿ ಎಳೆಯುವ ಸದ್ದು ಕೇಳಿತು. ಆಮೇಲೆ ಶೀನಣ್ಣ, ಹಂಗಾದ್ರೆ ಪ್ಲಾಸ್ಟಿಕ್ ಕವರ್ ಹಾಕ್ತೀನಿ, ಪೇಪರ್ ಮಳೆಗೆ ನಿಲ್ಲಲ್ಲ ಎಂದು ಫೋನಿಟ್ಟರು.

ಬಸ್ ಬಂತು. ಹನುಮಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, ಅವನ ಮುಖ ನೋಡಿದರು. ಅಯ್ಯೋ ಪಾಪ ಎನ್ನಿಸಿರಬೇಕು. ಅವನ ಮಣಿಕಟ್ಟು ಹಿಡಿದುಕೊಂಡರು. ಅದೇ ಕೈ, ಅದೇ ಹಿಡಿತ.

“ಮನಸ್ಸಿಗೆ ಹಚ್ಕೋಬೇಡಪ್ಪ. ಎಲ್ರಿಗೂ ಆ ಹುಡುಗನ ಕೈ ಬರುತ್ತಾ? ಹೆಂಗೂ ಆರು ತಿಂಗಳು ಇದ್ಯಲ್ಲ, ದಿನಾ ಹೋಗಿ ಅವನ ಪಕ್ಕ ನಿಂತ್ಕೊ. ಅವನು ಹೆಂಗ್ ಮಾಡ್ತಾನೆ ನೋಡಿ ಕಲ್ತ್ಕೊ.”

“ಆಗ್ಲಿ ಅಮ್ಮ,” ಎಂದು ಲಕ್ಷ್ಮೀಶ ಛತ್ರಿಯನ್ನು ಅವರ ಕೈಗೆ ಕೊಟ್ಟ.